ಇಳಿತಕ್ಕೆ ಏಳುವವರು

ಶೇವಂತಿಯ ಎಡ ಮಣಿಕಟ್ಟಿನ ಮೇಲಿದ್ದ ನೆಲೆಮಾಪಕ ಬೆಳಗಿನ ಏಳು ಗಂಟೆಗೆ ಎಂದಿನಂತೆ ಒಮ್ಮೆ ನಡುಗಿತು. ಬಳೆಗಿಂತ ತುಸು ಅಗಲವಾದ ಆ ಪಟ್ಟಿಯ ನಡುವೆ ಕಡಲೆಕಾಳಿನಷ್ಟು ದೀಪವಿತ್ತು. ಹಸಿರು ಬಂದರೆ ಈ ನೆಲೆ ನಿಮಗೆ ಒಗ್ಗುತ್ತದೆ ಎಂದರ್ಥ. ಹಳದಿ ಬಂದರೆ ಇನ್ನೂ ನೋಡಬೇಕು. ಕೆಂಪು ಬಂದರೆ ಬೇರೆ ಕಡೆ ಹುಡುಕಿಕೊಳ್ಳಬೇಕು. ದೀಪ ಕೆಂಪಾಯಿತು. ಶೇವಂತಿ ಸೆರಗಿನ ತುದಿಯನ್ನು ಕೈಮೇಲೆ ಎಳೆದುಕೊಂಡು, ಬಾಗಿಲಲ್ಲಿ ನಿಂತಿದ್ದ ಗವಿಸಿದ್ಧನ ಕಡೆ ನೋಡಿ ನಕ್ಕಳು.

"ಏನ್ ಬಂತು?" ಅವನು ಕೇಳಿದ.

"ಹಳದಿ."

"ಸುಳ್ಳ ಹೇಳಬ್ಯಾಡ. ಸೆರಗಿನಾಗಿಂದ ಕೆಂಪ ಕಾಣಾಕತ್ತೈತಿ."

"ನಿಮ್ದು?"

ಅವನು ಒಂದು ಹೆಜ್ಜೆ ಹಿಂದೆ ಸರಿದ. ಅವನ ಕೈ ಬೆನ್ನ ಹಿಂದೆ ಇತ್ತು. ಅವನ ದೀಪ ಹಸಿರಾಗಿತ್ತು. ಅದನ್ನು ಅವನು ತಪ್ಪು ಮಾಡಿದವನಂತೆ ಬಚ್ಚಿಟ್ಟುಕೊಂಡಿದ್ದ.

ಆ ಕಾಲಕ್ಕೆ ಕರಾವಳಿ ಜಿಲ್ಲೆ ಹಿಂದಿನಂತೆ ಉಳಿದಿರಲಿಲ್ಲ. ಘಟ್ಟದಾಚೆಯ ಬಯಲಿನಲ್ಲಿ ಬೇಸಿಗೆ ಐವತ್ತು ಡಿಗ್ರಿ ಮುಟ್ಟತೊಡಗಿದ ಮೇಲೆ ಕೊಪ್ಪಳ, ರಾಯಚೂರು, ಗದಗಗಳ ಜನ ಕಡಲ ಗಾಳಿಯನ್ನು ಹುಡುಕಿಕೊಂಡು ಇಳಿದು ಬಂದಿದ್ದರು. ಇಪ್ಪತ್ತು ವರ್ಷಗಳಲ್ಲಿ ಜನಸಂಖ್ಯೆ ಮೂರು ಪಟ್ಟಾಯಿತು. ಮನೆ ಕಟ್ಟಲು ಜಾಗ ಉಳಿದದ್ದು ಕೆಂಪುಕಲ್ಲಿನ ಗುಡ್ಡಗಳ ನೆತ್ತಿಯಲ್ಲಿ, ಹೆದ್ದಾರಿಯ ಎರಡೂ ಬದಿಯಲ್ಲಿ, ಮತ್ತು ಕಡಲು ತಿಂದು ಬಿಟ್ಟಷ್ಟು ದಂಡೆಯಲ್ಲಿ. ಯಾರು ಎಲ್ಲಿ ಇರಬೇಕು ಎಂಬುದಕ್ಕೆ ಜಗಳಗಳಾದವು, ಮೊಕದ್ದಮೆಗಳಾದವು. ಕಡೆಗೆ ಡಾ. ಪ್ರಫುಲ್ಲಾ ಅರಸ್ ಎಂಬ ಮೈಸೂರಿನ ವಿಜ್ಞಾನಿ ನೆಲೆಮಾಪಕವನ್ನು ರೂಪಿಸಿದರು. ಜಿಲ್ಲೆ ಅದನ್ನು ಒಪ್ಪಿಕೊಂಡಿತು.

ಅದರ ತತ್ವ ಸರಳವಾಗಿತ್ತು. ಒಂದು ಊರು ಇಷ್ಟವೇ ಎಂದು ಕೇಳಿದರೆ ಮನುಷ್ಯ ಮನೆಯ ಅಂದವನ್ನೋ ನೆಂಟರ ಮಾತನ್ನೋ ನೋಡಿ ಉತ್ತರಿಸುತ್ತಾನೆ. ಮೈ ಹಾಗಲ್ಲ. ಒಗ್ಗದ ಜಾಗದಲ್ಲಿ ಮೈ ಬೆವರಿನಲ್ಲಿ, ನಾಡಿಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ನಿದ್ದೆಯಲ್ಲಿ ಅದನ್ನು ಹೇಳಿಬಿಡುತ್ತದೆ. ಜನ ತಮಗೆ ಬೇಕೆನಿಸಿದ ನೆಲೆಯಲ್ಲಿ ಇಪ್ಪತ್ತೊಂದು ದಿನ ಇದ್ದು ನೋಡಬೇಕು. ಪಟ್ಟಿ ದಿನವೂ ಅವರ ನಿದ್ರಾಲಯವನ್ನು, ಅಂದರೆ ನಿದ್ದೆಯ ಏರಿಳಿತದ ಲಯವನ್ನು, ಅಳೆದು ನೂರಕ್ಕೆ ಇಷ್ಟು ಎಂದು ಒಗ್ಗುಮಾನವನ್ನು ಕೊಡುತ್ತದೆ. ದಿನವೂ ಒಂದೇ ಹೊತ್ತಿಗೆ ಎಚ್ಚರವಾಗುವುದು ಅಭ್ಯಾಸ. ಹೊತ್ತಲ್ಲದ ಹೊತ್ತಿಗೆ, ದಿನಕ್ಕೊಂದು ಗಳಿಗೆಯಲ್ಲಿ ಎಚ್ಚರವಾಗುವುದು ಮನಸ್ಸಿನ ನೋವು. ಹತ್ತು ಸಾವಿರ ಜನರನ್ನು ಅಳೆದು ಡಾ. ಅರಸ್ ಕಂಡುಕೊಂಡ ಸೂತ್ರ ಇದು. ಆ ಹತ್ತು ಸಾವಿರ ಜನರೂ ನಗರಗಳವರಾಗಿದ್ದರು ಎಂಬುದು ಆಗ ಯಾರಿಗೂ ಮುಖ್ಯವೆನಿಸಲಿಲ್ಲ.

ಮದುವೆ ನಿಶ್ಚಯವಾದವರಿಗೆ ಜೋಡಿ ಪರೀಕ್ಷೆ ಇತ್ತು. ಇಬ್ಬರೂ ಒಂದೇ ಮನೆಯ ಎರಡು ಕೋಣೆಗಳಲ್ಲಿ, ಹಿರಿಯರೊಬ್ಬರ ಜೊತೆ ಇರಬೇಕು. ಇಬ್ಬರ ಒಗ್ಗುಮಾನವೂ ಅರವತ್ತು ದಾಟಿದರೆ ಆ ನೆಲೆಯಲ್ಲಿ ಮನೆ. ಮೂರು ಅವಕಾಶ. ಇದು ಶೇವಂತಿ ಮತ್ತು ಗವಿಸಿದ್ಧನ ಮೊದಲ ಅವಕಾಶ. ಹೊಸಗುಡ್ಡ ಬಡಾವಣೆಯಲ್ಲಿ, ಹದಿನೆಂಟನೆಯ ದಿನ.

ಜೊತೆಗಿದ್ದ ಹಿರಿಯಳು ಶೇವಂತಿಯ ತಾಯಿಯ ತಂಗಿ, ಗೊಯ್ದಿ ಚಿಕ್ಕಿ. ತಾಯಿ ತೀರಿಕೊಂಡ ಮೇಲೆ ಶೇವಂತಿಯನ್ನು ಸಾಕಿದವಳು. ಪಟ್ಟಿ ಕಟ್ಟಲು ಬಂದ ಸಿಬ್ಬಂದಿಯನ್ನು ಅವಳು ಮೊದಲ ದಿನವೇ ಓಡಿಸಿದ್ದಳು. "ಗಂಡ ಸತ್ತಾಗ್ಲೇ ಬಳೆ ತೆಗ್ದಾಗದೆ. ಈಗ ಸರ್ಕಾರದ ಬಳೆ ಹಾಕ್ಕಂಡು ಎಲ್ಲಿ ಮೆರೀಲಿ?"

ಅವಳು ಈಗ ಜಗುಲಿಯಿಂದಲೇ ಕೂಗಿದಳು. "ಹೋಯ್ ಬಯಲುಸೀಮೆ! ಬಾಗ್ಲಲ್ಲಿ ನಿಂತ್ಕಂಡ್ರೆ ದೀಪ ಹಸ್ರಾಗ್ತದ್ಯಾ? ಚಾ ತಣೀತು."

"ಬಂದೆ ಚಿಕ್ಕಿ," ಎಂದ ಗವಿಸಿದ್ಧ. ಆಮೇಲೆ ದನಿ ತಗ್ಗಿಸಿ ಶೇವಂತಿಗೆ ಹೇಳಿದ: "ರಾತ್ರಿ ಎದ್ದು ಹೊಸ್ತಿಲ ಮ್ಯಾಲೆ ಕುಂತಿದ್ದಿ. ಮೊನ್ನೀನೂ ಕುಂತಿದ್ದಿ. ಏನರ ಇದ್ರ ನನ್ನ ಮುಂದ ಹೇಳ್ಬಾರದೇನು?"

"ಎಂತದೂ ಇಲ್ಲ. ಸುಮ್ನೆ ಎಚ್ಚರಾಯ್ತು."

ಅದು ನಿಜವೇ ಆಗಿತ್ತು. ಏಕೆ ಎಚ್ಚರವಾಗುತ್ತದೆ ಎಂಬುದು ಆ ಗುಡ್ಡದ ಮೇಲೆ ಅವಳಿಗೂ ತಿಳಿದಿರಲಿಲ್ಲ.

ಶೇವಂತಿಯ ಊರು ಗಂಗೆಕೇರಿ. ಅಘನಾಶಿನಿ ಕಡಲನ್ನು ಸೇರುವ ಅಳಿವೆಯ ಅಂಚಿನಲ್ಲಿ ಮೂವತ್ತು ಅಂಬಿಗರ ಮನೆಗಳು. ನೀರು ಇಳಿದಾಗ ನದಿಯ ನಡುವೆ ಕೆಸರಿನ ದಿಬ್ಬಗಳು ಏಳುತ್ತವೆ. ಹೆಂಗಸರು ಮೊಣಕಾಲುದ್ದದ ನೀರಿನಲ್ಲಿ ನಿಂತು ಪಾದದಿಂದ ಕೆಸರನ್ನು ತಡವಿ ಬೆಳಚು ಎಂಬ ಚಿಪ್ಪುಜೀವಿಯನ್ನು ಎತ್ತಿ ಬುಟ್ಟಿಗೆ ಹಾಕುತ್ತಾರೆ. ನೀರು ಏರತೊಡಗಿದರೆ ಮನೆಗೆ. ಶೇವಂತಿ ಪದವಿ ಮುಗಿಸಿಯೂ ಈ ಕೆಲಸವನ್ನು ಬಿಟ್ಟಿರಲಿಲ್ಲ. ಯಾರಾದರೂ ಕೇಳಿದರೆ, ಕಾಲಿಗೆ ಗೊತ್ತಿರೂದು ತಲೆಗೆ ಗೊತ್ತಿಲ್ಲ, ಏನು ಮಾಡೂದು ಎನ್ನುತ್ತಿದ್ದಳು. ಜನರ ಮುಂದೆ ಅವಳು ಹೇಳುತ್ತಿದ್ದ ಅತಿ ಉದ್ದದ ಮಾತು ಅದು.

ಗವಿಸಿದ್ಧ ಕೊಪ್ಪಳದ ಕಡೆಯವನು. ಕಡಲ ನೀರನ್ನು ಸಿಹಿ ಮಾಡುವ ಘಟಕದಲ್ಲಿ ಮೆಕ್ಯಾನಿಕ್. ಕೇರಿಯ ನೀರಿನ ಕೊಳವೆ ಒಡೆದಾಗ ಸರಿಮಾಡಲು ಬಂದವನು, ಅದು ಸರಿಹೋದ ಮೇಲೂ ವಾರಕ್ಕೊಮ್ಮೆ ಬಂದು ಕೊಳವೆಯನ್ನು ಮುಟ್ಟಿ ನೋಡಿ ಹೋಗುತ್ತಿದ್ದ. "ಆ ಪೈಪಿಗೆ ಜ್ವರ ಬಂದದ್ಯಾ?" ಎಂದು ಗೊಯ್ದಿ ಚಿಕ್ಕಿ ಕೇಳಿದ ದಿನ ಅವನು ಕೆಂಪಾದ. ಹೀಗೆ ನಿಶ್ಚಯವಾಯಿತು.

ಗಂಗೆಕೇರಿಯಲ್ಲಿ ಹುಡುಗಿಗೆ ನಿಶ್ಚಯವಾದರೆ ಅವಳ ಹೆಸರಿನಲ್ಲಿ ದಿಬ್ಬದ ಒಂದು ಪಟ್ಟೆಗೆ ನಾಲ್ಕು ಗೂಟ ನೆಟ್ಟು ಬಿಡುತ್ತಾರೆ. ಅದು ಮದುಮಗಳ ಕೆಸರು. ಮದುವೆಯಾಗುವ ತನಕ ಅಲ್ಲಿ ಯಾರೂ ಕಾಲಿಡುವುದಿಲ್ಲ. ಮದುವೆಯ ಮಾರನೆಯ ದಿನ ಗಂಡು ಹೆಣ್ಣು ಇಬ್ಬರೂ ಇಳಿದು ಮೊದಲ ಬುಟ್ಟಿ ತುಂಬಬೇಕು. ಗವಿಸಿದ್ಧ ಮುಂಚೆಯೇ ಕಲಿತುಕೊಳ್ಳುತ್ತೇನೆಂದು ಮೊಣಕಾಲಿನವರೆಗಿನ ಹೊಸ ರಬ್ಬರ್ ಬೂಟು ಹಾಕಿಕೊಂಡು ಬಂದಿದ್ದ. ಕೆಸರಿನಲ್ಲಿ ಕಾಲನ್ನು ಎತ್ತಬಾರದು, ಜಾರಿಸಬೇಕು. ಅವನು ಎತ್ತಿದ. ಬೂಟು ಒಳಗೇ ಉಳಿದು ಕಾಲು ಮಾತ್ರ ಬಂತು. ಅವನು ಗೂಟ ದಾಟಿ ಬೋರಲು ಬಿದ್ದಾಗ ಇಡೀ ಕೇರಿಯ ಹೆಂಗಸರು ನಕ್ಕರು.

"ಎಮ್ಮೆ ಕೆಸ್ರು ಕಂಡಾಂಗೆ ಬಿದ್ನಲೇ!" ಎಂದಳು ಚಿಕ್ಕಿ.

"ನಗ್ರೀ, ನಗ್ರೀ," ಅವನು ಕೆಸರು ಉಗುಳುತ್ತ ಎದ್ದ. "ನಮ್ಮೂರಾಗ ಇಷ್ಟು ಹಸಿ ಮಣ್ಣ ನೋಡಾಕ ಎರಡ ತಾಸು ಬಸ್ಸಿನಾಗ ಹೋಗಬೇಕು."

ಆ ಬೂಟು ಸಿಗಲಿಲ್ಲ. ಶೇವಂತಿ ಅಂದು ನಕ್ಕಷ್ಟು ಮತ್ತೆಂದೂ ನಗಲಿಲ್ಲ.

ಹೊಸಗುಡ್ಡದಲ್ಲಿ ಅವಳಿಗೆ ಮೂವತ್ತನಾಲ್ಕು ಬಂತು, ಅವನಿಗೆ ಎಂಬತ್ತೊಂದು. ಎರಡನೆಯ ಸಲ ಹೆದ್ದಾರಿನಗರದಲ್ಲಿ ಅವಳಿಗೆ ಮೂವತ್ತೊಂದು, ಅವನಿಗೆ ಎಪ್ಪತ್ತು. ಮೂರನೆಯ ಸಲ ಗವಿಸಿದ್ಧನೇ ಹೇಳಿದ: "ನಿನ್ನ ಕೇರಿಗೇ ಹೋಗೂಣು. ನಾ ದಿನಾ ಬಸ್ಸಿಗೆ ಹೋಗಿ ಬರ್ತೀನಿ. ಹನ್ನೊಂದ ಕಿಲೋಮೀಟರು, ಏನ್ ಮಹಾ." ಗಂಗೆಕೇರಿಯಲ್ಲಿ, ಹುಟ್ಟಿದ ಮನೆಯಿಂದ ನಾಲ್ಕು ಹೆಜ್ಜೆ ಆಚೆ, ಶೇವಂತಿಗೆ ಬಂದದ್ದು ಇಪ್ಪತ್ತೊಂಬತ್ತು. ಗವಿಸಿದ್ಧನಿಗೆ ಮೂವತ್ತಾರು.

ನೆಲೆ ಕೇಂದ್ರದಲ್ಲಿ ಡಾ. ಅರಸ್ ಅವರನ್ನು ಎದುರು ಕೂರಿಸಿಕೊಂಡರು. ಸಾಮಾನ್ಯವಾಗಿ ಈ ಕೆಲಸವನ್ನು ಸಿಬ್ಬಂದಿ ಮಾಡುತ್ತಿದ್ದರು. ಇಷ್ಟು ಕಡಿಮೆ ಅಂಕಗಳನ್ನು ಅವರು ನೋಡಿರಲಿಲ್ಲವಾದ್ದರಿಂದ ತಾವೇ ಬಂದಿದ್ದರು.

"ನಿದ್ದೆ ಕೆಡುತ್ತದೆಯೇನಮ್ಮ?"

"ಇಲ್ಲ."

"ಪ್ರಶ್ನಾವಳಿಯಲ್ಲೂ ಮೂರು ಸಲ ಇಲ್ಲ ಎಂದು ಬರೆದಿದ್ದೀಯ. ಆದರೆ ದಿನಕ್ಕೊಂದು ಹೊತ್ತಿಗೆ ಎಚ್ಚರವಾಗಿದ್ದೀಯ. ಹೇಳಿಕೊಳ್ಳಲಾರದ್ದು ಏನಾದರೂ ಇದ್ದರೆ ಮೈ ಹೀಗೆ ಮಾಡುತ್ತದೆ."

ಶೇವಂತಿ ತಲೆ ತಗ್ಗಿಸಿದಳು. ಹೇಳಿಕೊಳ್ಳಲಾರದ್ದು ಏನಿದೆ ಎಂದು ತನ್ನೊಳಗೆ ಹುಡುಕಿದಳು. ಏನೂ ಸಿಗಲಿಲ್ಲ. ಸಿಗದೆ ಇರುವುದೇ ದೊಡ್ಡದೆನಿಸಿ ಹೆದರಿದಳು.

"ಗುಡ್ಡ ಒಗ್ಗಲಿಲ್ಲ, ಹೆದ್ದಾರಿ ಒಗ್ಗಲಿಲ್ಲ ಎಂದರೆ ನಾನು ಒಪ್ಪುತ್ತಿದ್ದೆ," ಡಾ. ಅರಸ್ ನಿಧಾನವಾಗಿ ಹೇಳಿದರು. "ಸ್ವಂತ ಊರೂ ಒಗ್ಗಲಿಲ್ಲ. ಮೂರು ಕಡೆಯಲ್ಲೂ ಊರು ಬದಲಾಗಿದೆ. ಬದಲಾಗದೆ ಉಳಿದದ್ದು..."

ಅವರು ಗವಿಸಿದ್ಧನ ಕಡೆ ನೋಡಿದರು.

"ನಾ," ಎಂದ ಗವಿಸಿದ್ಧ.

ಶೇವಂತಿ ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಅವಳ ಕಣ್ಣು ಅವನ ಅಂಕಗಳ ಮೇಲಿತ್ತು. ಎಂಬತ್ತೊಂದು, ಎಪ್ಪತ್ತು, ಮೂವತ್ತಾರು. ತನ್ನ ಜೊತೆ ಇದ್ದಷ್ಟೂ ಅವನು ಕುಸಿಯುತ್ತ ಬಂದಿದ್ದ.

ಕೇಂದ್ರದ ಹೊರಗೆ ಗೇರುಮರದ ಕೆಳಗೆ ಬಸ್ಸಿಗಾಗಿ ನಿಂತಾಗ ಅವಳೇ ಮೊದಲು ಮಾತಾಡಿದಳು. ಬಸ್ಸು ಬರುವುದರೊಳಗೆ ಹೇಳಿಬಿಡಬೇಕಿತ್ತು.

"ನಂಗೆ ನಿಮ್ ಜೊತೆ ಆಗೂದಿಲ್ಲ."

"ಇದನ್ನ ಯಂತ್ರ ಹೇಳ್ತೈತೋ, ನೀ ಹೇಳ್ತೀಯೋ?"

"ನಾನೇ."

ಅವನು ಅವಳ ಮಣಿಕಟ್ಟನ್ನು ನೋಡಿದ. ಪಟ್ಟಿ ಬಿಚ್ಚಿದ್ದ ಜಾಗದಲ್ಲಿ ಬಿಳಿಯ ಗುರುತು ಇತ್ತು. "ನೀ ನಿದ್ದೀ ಮಾಡಬೇಕು, ಅಷ್ಟ," ಎಂದ. "ನನ್ನಿಂದ ನಿನಗ ನಿದ್ದೀ ಇಲ್ಲಂದ್ರ ನಾ ಹೆಂಗ ಇರ್ಲಿ ಹೇಳು." ಬಸ್ಸು ಬಂದಾಗ ಅವಳನ್ನು ಹತ್ತಿಸಿ ತಾನು ಮುಂದಿನ ಬಸ್ಸಿಗೆ ಉಳಿದ.

ಮುಂದಿನ ವರ್ಷ ಗವಿಸಿದ್ಧನಿಗೆ ಅವನ ಕಡೆಯದೇ ಹುಡುಗಿಯ ಜೊತೆ ಮದುವೆಯಾಯಿತು. ಹಿಂದೆ ಬಂದಿದ್ದ ಎಂಬತ್ತೊಂದರ ಬಲದಿಂದ, ವರ್ಷವರ್ಷವೂ ಮತ್ತೆ ಅಳೆಯುವ ಷರತ್ತಿನ ಮೇಲೆ, ಹೊಸಗುಡ್ಡದಲ್ಲಿ ಮನೆ ಸಿಕ್ಕಿತು. ಸುದ್ದಿ ತಂದವರಿಗೆ ಶೇವಂತಿ ಬೆಲ್ಲ ನೀರು ಕೊಟ್ಟಳು. ಕೆಸರಿನ ನಾಲ್ಕು ಗೂಟಗಳು ಹಾಗೇ ನಿಂತಿದ್ದವು. ನಿಶ್ಚಯ ಮುರಿದರೆ ಆ ಪಟ್ಟೆಗೆ ಹುಡುಗಿಯೇ ಮೊದಲು ಕಾಲಿಡಬೇಕು; ಅವಳು ಇಡದಿದ್ದರೆ ಯಾರೂ ಇಡುವಂತಿಲ್ಲ. ಅವಳು ಇಡಲಿಲ್ಲ. ಬೇರೆ ಸಂಬಂಧಗಳು ಬಂದವು. "ನನ್ನ ಮೈಗೆ ಯಾರೂ ಒಗ್ಗೂದಿಲ್ಲ ಚಿಕ್ಕಿ, ಅವ್ರನ್ನೂ ಎಂತಕೆ ಕೆಡಿಸೂದು," ಎಂದು ಬಿಟ್ಟಳು. ಗೊಯ್ದಿ ಚಿಕ್ಕಿ ಆ ಯಂತ್ರಕ್ಕೆ ಹಾಕಿದ ಶಾಪಗಳನ್ನು ಇಲ್ಲಿ ಬರೆಯಲಾಗದು.

ಮೂರನೆಯ ವರ್ಷ ಜಿಲ್ಲೆ ಹಳೆಯ ಊರುಗಳ ಎಲ್ಲ ನಿವಾಸಿಗಳನ್ನೂ ಅಳೆಯಲು ತೀರ್ಮಾನಿಸಿತು. ಗಂಗೆಕೇರಿಯ ಫಲಿತಾಂಶ ಬಂದಾಗ ನೆಲೆ ಕೇಂದ್ರದವರು ಗಾಬರಿಯಾದರು. ಬೆಳಚು ತೆಗೆಯುವ ನಲವತ್ತೊಂದು ಹೆಂಗಸರಲ್ಲಿ ನಲವತ್ತು ಜನರ ಒಗ್ಗುಮಾನ ಮೂವತ್ತೈದಕ್ಕಿಂತ ಕಡಿಮೆ. ಒಬ್ಬಳದು ಮಾತ್ರ ಎಂಬತ್ತೆಂಟು. ಆ ಒಬ್ಬಳು ಗೊಯ್ದಿ. ಜೊತೆಗೆ, ಹೃದಯ ಬಡಿತ ನಿಮಿಷಕ್ಕೆ ಇನ್ನೂರೈವತ್ತು, ತಕ್ಷಣ ವೈದ್ಯರನ್ನು ಕಾಣಿ ಎಂಬ ಸೂಚನೆ ಇತ್ತು. ವಿಚಾರಿಸಿದಾಗ ತಿಳಿಯಿತು, ಅವಳು ಪಟ್ಟಿಯನ್ನು ತನ್ನ ಹೇಂಟೆಯ ಕಾಲಿಗೆ ಕಟ್ಟಿದ್ದಳು.

ಇಷ್ಟು ಜನರಿಗೆ ಒಗ್ಗದ ಊರನ್ನು ಉಳಿಸುವುದು ಅವರಿಗೇ ಅನ್ಯಾಯ ಎಂದು ಕೇರಿಯನ್ನು ತೆರವು ಮಾಡುವ ನೋಟೀಸು ಸಿದ್ಧವಾಯಿತು. ಅದನ್ನು ಕೊಡುವ ಮೊದಲು ವಿವರಿಸಿ ಹೇಳಲು ಡಾ. ಅರಸ್ ತಾವೇ ಬಂದರು. ಚಿಕ್ಕಿಯ ಜಗುಲಿಯಲ್ಲಿ ಹೆಂಗಸರೆಲ್ಲ ಸೇರಿದರು. ಶೇವಂತಿ ಕಂಬದ ಹಿಂದೆ ಕುಳಿತಿದ್ದಳು.

"ಇಲ್ಲಿ ನಿಮ್ಮ ಮೈಗೆ ನೆಮ್ಮದಿ ಇಲ್ಲ ಎಂದು ಯಂತ್ರ ಹೇಳುತ್ತಿದೆ," ಡಾ. ಅರಸ್ ಹೇಳುತ್ತಿದ್ದರು. "ನಿಮ್ಮ ಒಳ್ಳೆಯದಕ್ಕೇ—"

ಮಾತಿನ ನಡುವೆಯೇ ಒಬ್ಬಳು ಎದ್ದಳು. ಅವಳ ಹಿಂದೆ ಇನ್ನಿಬ್ಬರು. ಅರ್ಧ ನಿಮಿಷದಲ್ಲಿ ಜಗುಲಿಯ ತುಂಬ ಸೀರೆ ಎತ್ತಿ ಕಟ್ಟುವ ಸದ್ದು.

"ಎಲ್ಲಿಗೆ ಹೋಗುತ್ತಿದ್ದೀರಿ? ನಾನು ಇನ್ನೂ ಮುಗಿಸಿಲ್ಲ."

"ನೀವು ಹೇಳ್ತಾ ಇರಿ ಅಮ್ಮ, ನಾವು ಬತ್ತೆವು," ಎಂದಳು ಚಿಕ್ಕಿ. "ನೀರು ಇಳೀತಲ್ಲ."

ಡಾ. ಅರಸ್ ಸುತ್ತಲೂ ನೋಡಿದರು. ಜಗುಲಿಯಿಂದ ನದಿ ಕಾಣುತ್ತಿರಲಿಲ್ಲ. ಗೋಡೆಯ ಮೇಲೆ ಗಡಿಯಾರವಿರಲಿಲ್ಲ.

"ಇಳಿಯಿತು ಎಂದು ಹೇಗೆ ಗೊತ್ತಾಯಿತು?"

"ಗೊತ್ತಾಗೂದೆಂತದು? ನಿಮ್ಗೆ ಹಸಿವಾದ್ದು ಹೆಂಗೆ ಗೊತ್ತಾಗ್ತದೆ?"

"ರಾತ್ರಿ ಇಳಿದರೆ?"

"ನೀರಿಗೆ ರಾತ್ರಿ ಹಗಲು ಅದ್ಯಾ? ಎಚ್ಚರಾಗ್ತದೆ. ಹಗ್ಲು ಇಳ್ತಕ್ಕೆ ಹೋಗೂದು, ರಾತ್ರೆ ಇಳ್ತಕ್ಕೆ ಒಂದು ಗಳಿಗೆ ಕೂತು ಮತ್ತೆ ಮಲಗೂದು. ಇವತ್ತು ಎರಡಕ್ಕೆ ಆದ್ರೆ ನಾಳೆ ಎರಡು ಐವತ್ತಕ್ಕೆ. ನಮ್ಮಜ್ಜಿಗೂ ಹಾಂಗೇ."

"ಮತ್ತೆ ನಿದ್ದೆ ಕೆಡುತ್ತದೆಯೇ ಎಂದು ಕೇಳಿದ್ದಕ್ಕೆ ನೀವೆಲ್ಲ ಇಲ್ಲ ಎಂದು ಬರೆದಿದ್ದೀರಲ್ಲ!"

ಹೆಂಗಸರು ಒಬ್ಬರ ಮುಖವನ್ನೊಬ್ಬರು ನೋಡಿದರು. ಈ ಓದಿದ ಅಮ್ಮನಿಗೆ ಇಷ್ಟೂ ತಿಳಿಯದೇ ಎಂಬಂತೆ ಚಿಕ್ಕಿ ಬಿಡಿಸಿ ಹೇಳಿದಳು: "ನಿದ್ದೆ ಕೆಡೂದು ಅಂದ್ರೆ ಬೇಜಾರಿಂದ ಕೆಡೂದು. ಇದು ಏಳೂದು. ಅದು ಬೇರೆ, ಇದು ಬೇರೆ."

ಡಾ. ಅರಸ್ ಚೀಲದಿಂದ ತಮ್ಮ ಗಣಕಫಲಕವನ್ನು ತೆಗೆದರು. ಬಂದರಿನ ಉಬ್ಬರವಿಳಿತದ ಪಟ್ಟಿಯನ್ನು ತರಿಸಿಕೊಂಡು, ನಲವತ್ತು ಹೆಂಗಸರ ಎಚ್ಚರದ ಗೆರೆಗಳ ಮೇಲೆ ಇಟ್ಟರು. ದಿನಕ್ಕೆ ಐವತ್ತು ನಿಮಿಷ ಜಾರುತ್ತ ಹೋದ ಗೆರೆ, ಅದರ ಮೇಲೆ ಅಷ್ಟೇ ಜಾರಿದ ಇನ್ನೊಂದು ಗೆರೆ. ನಡುವೆ ಕೂದಲು ತೂರಿಸುವಷ್ಟೂ ಜಾಗವಿರಲಿಲ್ಲ. ಹದಿನೆಂಟು ವರ್ಷ ಮನುಷ್ಯರ ನಿದ್ದೆಯನ್ನು ಓದಿದ್ದ ಅವರು ಜಗುಲಿಯ ಅಂಚಿನಲ್ಲಿ ಕುಳಿತುಬಿಟ್ಟರು. "ಇದು ನೋವಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. "ಇದು ನದಿ."

ಕಂಬದ ಹಿಂದೆ ಶೇವಂತಿ ಬುಟ್ಟಿಯನ್ನು ಎತ್ತಿಕೊಂಡಿದ್ದವಳು ಮತ್ತೆ ಕೆಳಗಿಟ್ಟಳು. ಹೊಸಗುಡ್ಡದ ಹೊಸ್ತಿಲು ಅವಳ ಕಣ್ಣೆದುರು ಬಂತು. ಏಕೆ ಕೂತಿದ್ದೇನೆಂದು ತಿಳಿಯದೆ ಕೂತಿದ್ದ ಆ ಗಳಿಗೆಗಳು. ಗುಡ್ಡದ ಕೆಳಗೆ, ಹನ್ನೊಂದು ಕಿಲೋಮೀಟರು ಆಚೆ, ಆಗ ನೀರು ಇಳಿಯುತ್ತಿತ್ತು. ಅವಳಿಗೆ ಯಾವ ದುಃಖವೂ ಇರಲಿಲ್ಲ. ದುಃಖವನ್ನು ಹುಡುಕಲು ಹೇಳಿದ ಮೇಲೆ ಬಂದದ್ದು ಅದು.

ಅಂದು ಅವಳು ನದಿಗೆ ಇಳಿಯಲಿಲ್ಲ.

ನೋಟೀಸು ರದ್ದಾಯಿತು. ಜಿಲ್ಲೆಯ ಸೂತ್ರಕ್ಕೆ ಇಳಿತದ ತಿದ್ದುಪಡಿ ಎಂಬ ಹೊಸ ಸಾಲು ಸೇರಿತು. ಗಂಗೆಕೇರಿಯ ಹೆಂಗಸರೆಲ್ಲರ ದೀಪ ಹಸಿರಾಯಿತು. ಹೇಂಟೆಗೆ ಕಟ್ಟಿದ್ದ ಪಟ್ಟಿಯನ್ನು ಕೇಂದ್ರದವರು ವಾಪಸು ಪಡೆದರು. ಇದೆಲ್ಲ ಆಗಿ ಎರಡು ತಿಂಗಳ ನಂತರ, ಒಂದು ಮಧ್ಯಾಹ್ನದ ಇಳಿತದ ಹೊತ್ತಿಗೆ ಡಾ. ಅರಸ್ ಒಬ್ಬರೇ ಬಂದು ದಂಡೆಯಲ್ಲಿ ನಿಂತರು. ಶೇವಂತಿ ನೀರಿನಲ್ಲಿದ್ದಳು. ಅವರು ಚಪ್ಪಲಿ ಬಿಟ್ಟು, ಸೀರೆ ಎತ್ತಿಕೊಂಡು ಇಳಿದರು.

"ಕಾಲು ಎತ್ತಬೇಡಿ ಅಮ್ಮ, ಜಾರಿಸಿ," ಎಂದಳು ಶೇವಂತಿ. ಹೇಳಿದ ಮೇಲೆ ಆ ಮಾತನ್ನು ಹಿಂದೆ ಯಾರಿಗೆ ಹೇಳಿದ್ದೆನೆಂದು ನೆನಪಾಗಿ ಬುಟ್ಟಿಯ ಕಡೆ ತಿರುಗಿದಳು.

"ಹಳೆಯ ದಾಖಲೆಗಳನ್ನೆಲ್ಲ ತಿದ್ದುತ್ತಿದ್ದೇನೆ. ನಿನ್ನ ಜೋಡಿ ಪರೀಕ್ಷೆಯದು ನಿನ್ನೆ ಸಿಕ್ಕಿತು. ಮೂರನೆಯ ನೆಲೆ, ಇದೇ ಕೇರಿ. ನಿನಗೆ ತೊಂಬತ್ತೆರಡು."

"ಅವ್ರದ್ದು?" ಮೂರು ವರ್ಷದಿಂದ ಅವಳು ಇದೊಂದನ್ನು ಯಾರಲ್ಲಿ ಕೇಳುವುದೆಂದು ತಿಳಿಯದೆ ಇದ್ದಳು. "ನಂದು ನದಿಯಿಂದ ಬಿತ್ತು. ಅವ್ರದ್ದು ಎಂತಕೆ ಬಿತ್ತು?"

ಡಾ. ಅರಸ್ ಫಲಕವನ್ನು ಅವಳ ಮುಂದೆ ಹಿಡಿದರು. ನೀಲಿ ಗೆರೆ ಅವಳದು, ಕಪ್ಪು ಗೆರೆ ಅವನದು. "ಹೊಸಗುಡ್ಡದಲ್ಲಿ ಅವನು ಮಲಗಿದರೆ ಬೆಳಗಾಗುವ ತನಕ ಏಳುತ್ತಿರಲಿಲ್ಲ; ಕಡೆಯ ವಾರ ಮಾತ್ರ ಒಂದೆರಡು ಸಲ. ಹೆದ್ದಾರಿನಗರದಲ್ಲಿ ನೋಡು, ನೀನು ಎದ್ದ ಹತ್ತು ನಿಮಿಷಕ್ಕೆ ಅವನಿಗೆ ಎಚ್ಚರ. ಇಲ್ಲಿಗೆ ಬಂದ ಮೇಲೆ ಇಬ್ಬರೂ ಒಟ್ಟಿಗೆ. ಆರನೆಯ ದಿನದಿಂದ..." ಅವರ ಬೆರಳು ನಿಂತಿತು. "ಆರನೆಯ ದಿನದಿಂದ ಅವನೇ ಮೊದಲು ಎದ್ದಿದ್ದಾನೆ. ಇಳಿತಕ್ಕೆ ಸರಿಯಾಗಿ. ತಿದ್ದಿದ ಮೇಲೆ ಅವನಿಗೆ ತೊಂಬತ್ತು. ಇಡೀ ಜಿಲ್ಲೆಯಲ್ಲಿ ನಿಮ್ಮಷ್ಟು ಅಂಕ ಬಂದ ಜೋಡಿ ಇನ್ನೊಂದಿಲ್ಲ."

ಶೇವಂತಿ ಗೆರೆಗಳನ್ನು ನೋಡುತ್ತಲೇ ಇದ್ದಳು.

"ಎದ್ದದ್ದು ನಂಗೆ ಗೊತ್ತೇ ಆಗ್ಲಿಲ್ಲ. ಕೋಣೆಯಿಂದ ಒಂದು ಸದ್ದಿಲ್ಲ."

"ಮಲಗಿದ ಹಾಗೆ ಇದ್ದಿರಬೇಕು."

"ಎಂತಕೆ?"

"ಅದು ನನ್ನ ಯಂತ್ರದಲ್ಲಿಲ್ಲಮ್ಮ."

ಆಚೆ ದಿಬ್ಬದ ಹೆಂಗಸರು ಏನೋ ಹೇಳಿ ನಗುತ್ತಿದ್ದರು. ಡಾ. ಅರಸ್ ಮುಂದುವರಿಸಿದರು. ಅವರು ಬಂದದ್ದು ಇಷ್ಟನ್ನೇ ಹೇಳಲು ಆಗಿರಲಿಲ್ಲ.

"ಅವನಿಗೆ ಇನ್ನೂ ಎಚ್ಚರವಾಗುತ್ತದೆ. ಆ ಗುಡ್ಡದ ಮೇಲೆ, ಮೂರು ವರ್ಷದ ಮೇಲೂ, ಇಳಿತಕ್ಕೆ ಸರಿಯಾಗಿ. ಹಾಗಾಗಿ ಅವನ ಒಗ್ಗುಮಾನ ಎರಡು ವರ್ಷವೂ ನಲವತ್ತು ದಾಟಿಲ್ಲ. ಈ ವರ್ಷವೂ ದಾಟದಿದ್ದರೆ ಮನೆಯನ್ನು ಬಿಡಬೇಕು. ಹೆಂಡತಿಗೆ ಈಗ ಏಳು ತಿಂಗಳು. ತಿದ್ದುಪಡಿ ಹಾಕಿದರೆ ಉಳಿಯುತ್ತದೆ. ಆದರೆ ತಿದ್ದುಪಡಿಗೆ ಕಾರಣ ಬರೆಯಬೇಕು, ಇಳಿತದ ಲಯ ಮೈಗೆ ಎಲ್ಲಿಂದ ಬಂತು ಎಂದು. ಅದರ ಪ್ರತಿ ಮನೆಗೆ ಹೋಗುತ್ತದೆ. ಗಂಡ ಹೆಂಡತಿ ಇಬ್ಬರೂ ಓದಿ ಸಹಿ ಹಾಕಬೇಕು. ಕಾನೂನು ಹಾಗಿದೆ." ಅವರು ಶೇವಂತಿಯ ಮುಖ ನೋಡಿದರು. "ಕಾರಣ ನೀನು. ಅದನ್ನು ನಿನ್ನ ಕೇಳದೆ ಬರೆಯಲಾರೆ. ಬರೆದರೆ ಅವನಿಗೆ ಎಲ್ಲ ತಿಳಿಯುತ್ತದೆ. ತಿಳಿಯುವ ಹಕ್ಕು ಅವನಿಗೂ ಇದೆ, ನಿನಗೂ ಇದೆ."

ಅವನಿಗೆ ಎಲ್ಲ ತಿಳಿಯುತ್ತದೆ. ಗೇರುಮರದ ಕೆಳಗೆ ತಾನು ಹೇಳಿದ್ದು ಸುಳ್ಳು ಎಂದು, ತನ್ನ ಮೈ ಅವನನ್ನು ಒಂದು ದಿನವೂ ಬೇಡವೆಂದಿರಲಿಲ್ಲ ಎಂದು ತಿಳಿಯುತ್ತದೆ. ಶೇವಂತಿಗೆ ಆ ಕಾಗದ ಅವನ ಕೈ ಸೇರುವುದು ಬೇಕೆನಿಸಿತು. ಎಷ್ಟು ಬೇಕೆನಿಸಿತೆಂದರೆ ಎರಡು ಸಲ ಬಾಯಿ ತೆರೆದು ಮುಚ್ಚಿದಳು.

"ಅವ್ರ ಹೆಂಡ್ತಿಗೆ ನಿದ್ದೆ ಬತ್ತದ್ಯಾ?" ಎಂದು ಕೇಳಿದಳು ಕಡೆಗೆ.

"ಎಂಬತ್ತೇಳು. ಒಳ್ಳೆಯ ನಿದ್ದೆ."

ಶೇವಂತಿ ಪಾದದಿಂದ ಕೆಸರನ್ನು ತಡವಿದಳು. "ಸಿಹಿನೀರ ಘಟಕದಲ್ಲಿ ಕಡಲ ನೀರು ಎಳೂದು ಭರ್ತಿ ಇಳ್ತ ನೋಡಿ ಅಲ್ದಾ? ಕೆಲಸದಿಂದ ಬಂದದ್ದು ಅಂತ ಬರೀರಿ."

"ಅಲ್ಲಿ ಎಳೆಯುವುದು ಉಬ್ಬರಕ್ಕೆ. ಅವನು ಏಳುವುದು ಇಳಿತಕ್ಕೆ."

"ಅದ್ನ ಯಾರು ನೋಡ್ತ್ರು?"

"ನಾನು ನೋಡುತ್ತೇನಲ್ಲ. ಹದಿನೆಂಟು ವರ್ಷದಲ್ಲಿ ಒಂದು ಸುಳ್ಳು ದಾಖಲೆಗೆ ಸಹಿ ಹಾಕಿಲ್ಲ ನಾನು."

"ಒಂದಕ್ಕೆ ಹಾಕೀರಿ ಅಮ್ಮ," ಎಂದಳು ಶೇವಂತಿ. ದನಿಯಲ್ಲಿ ಸಿಟ್ಟಿರಲಿಲ್ಲ. "ನಂದಕ್ಕೆ."

ಡಾ. ಅರಸ್ ಫಲಕವನ್ನು ಎದೆಗೆ ಒತ್ತಿ ಹಿಡಿದು, ಒದ್ದೆ ಬೆರಳಿನಿಂದ ಬರೆಯತೊಡಗಿದರು. ಬರೆದು ಮುಗಿಸಿದ ಮೇಲೆ ಅವಳ ಕಡೆ ತಿರುಗಿಸಿದರು. ಕಾರಣ: ವೃತ್ತಿ. ಶೇವಂತಿ ಆ ಪದವನ್ನು ಓದಿ ತಲೆಯಾಡಿಸಿದಳು.

ನೀರು ಇನ್ನೂ ಒಂದು ಗಂಟೆ ಇಳಿತದಲ್ಲಿರುತ್ತಿತ್ತು. ಅವಳು ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ದಿಬ್ಬದ ತುದಿಗೆ ನಡೆದಳು. ಅಲ್ಲಿ ನಾಲ್ಕು ಗೂಟಗಳಿದ್ದವು. ಒಂದು ಓರೆಯಾಗಿತ್ತು, ಎಲ್ಲದರ ಮೇಲೂ ಪಾಚಿ ಹಿಡಿದಿತ್ತು. ಆಚೆ ನಗುತ್ತಿದ್ದ ಹೆಂಗಸರು ಅವಳು ಎಲ್ಲಿ ನಿಂತಳೆಂದು ನೋಡಿ ಸುಮ್ಮನಾದರು. ಗೊಯ್ದಿ ಚಿಕ್ಕಿ ಏನನ್ನೋ ಕೂಗಲು ಹೊರಟವಳು ಕೂಗಲಿಲ್ಲ.

ಶೇವಂತಿ ಗೂಟ ದಾಟಿ ಕಾಲಿಟ್ಟಳು. ಮೂರು ವರ್ಷ ಯಾರೂ ತುಳಿಯದ ಕೆಸರು ಮೆತ್ತಗಿತ್ತು, ಬೆಳಚು ಒತ್ತೊತ್ತಾಗಿ ಕಾಲಿಗೆ ಸಿಕ್ಕಿತು. ಅವಳು ಬಾಗಿ ಬಾಗಿ ಎತ್ತಿದಳು. ಒಂದು ಕಡೆ ಪಾದಕ್ಕೆ ಚಿಪ್ಪಲ್ಲದ, ಕಲ್ಲಲ್ಲದ ಏನೋ ತಾಗಿತು. ಮೆತ್ತಗೆ, ರಬ್ಬರಿನಂತೆ. ಅವಳ ಕಾಲು ಅಲ್ಲಿ ಸ್ವಲ್ಪ ಹೊತ್ತು ನಿಂತಿತು.

"ಏನದು?" ಹಿಂದೆಯೇ ಬಂದಿದ್ದ ಡಾ. ಅರಸ್ ಕೇಳಿದರು.

"ಎಂತದೂ ಇಲ್ಲ," ಎಂದು ಅವಳು ಅದನ್ನು ಬಳಸಿಕೊಂಡು ಮುಂದೆ ಹೋದಳು. "ಬುಟ್ಟಿ ಹಿಡ್ಕಳ್ಳಿ."

ಬುಟ್ಟಿ ತುಂಬಿತು. ಡಾ. ಅರಸ್ ಅದರಿಂದ ಒಂದನ್ನು ಎತ್ತಿ ನೋಡಿದರು. ಅವರ ಅಂಗೈ ತುಂಬುವಷ್ಟು ದೊಡ್ಡದು, ಕಲ್ಲಿನಂತೆ ಗಟ್ಟಿ, ಬೆನ್ನಿನ ಮೇಲೆ ವರ್ಷಕ್ಕೊಂದರಂತೆ ಗೆರೆ.

"ಇಷ್ಟು ದೊಡ್ಡದನ್ನು ನಾನು ಸಂತೆಯಲ್ಲಿ ನೋಡಿಯೇ ಇಲ್ಲ. ಚೆನ್ನಾಗಿರುತ್ತದೆಯೇ?"

"ಇಲ್ಲ ಅಮ್ಮ. ಹೊತ್ತಿಗೆ ತೆಗೀಬೇಕು. ಇಷ್ಟು ಬಲಿತ್ರೆ ತಿನ್ನೂಕೆ ಬರೂದಿಲ್ಲ." ಶೇವಂತಿ ಸೊಂಟ ನೆಟ್ಟಗೆ ಮಾಡಿ, ಕೈಯನ್ನು ನೀರಿನಲ್ಲಿ ಆಡಿಸಿ ತೊಳೆದಳು. ಏರುವ ನೀರಿನ ಮೊದಲ ತಂಪು ಅವಳ ಮೊಣಕಾಲಿಗೆ ತಾಗಿತ್ತು. "ಚಿಪ್ಪು ಸುಟ್ರೆ ಸುಣ್ಣ ಆಗ್ತದೆ. ಹೊಸಗುಡ್ಡದ ಕಡೆಯವ್ರು ಬಂದು ತಕಂಡು ಹೋಗ್ತ್ರು. ಮನೆ ಗೋಡೆಗೆ ಬಳೂಕೆ."